ಏಳನೆಯ ಪಿನ್ನು

ಬೆಳಿಗ್ಗೆ ಗ್ಯಾರೇಜಿನ ಅಂಗಳದಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ಲಾಂಡ್ರಿ ಯಜಮಾನ ತನ್ನ ಹಳೆಯ ವ್ಯಾನಿನ ಡ್ರೈವರನ್ನು ಕೆಲಸದಿಂದ ತೆಗೆದ. ವ್ಯಾನು ಮತ್ತೆ ಮತ್ತೆ ನಡುದಾರಿಯಲ್ಲಿ ನಿಲ್ಲುವುದಕ್ಕೆ ಡ್ರೈವರ್ ಒಳಗಿನ ವೈರು ಕತ್ತರಿಸಿದ್ದೇ ಕಾರಣ ಎಂದ. ಡ್ರೈವರ್ ಯಾವ ವೈರನ್ನೂ ಕತ್ತರಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದೇ ವ್ಯಾನಿನ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ, ಕಾಲುಗಳನ್ನು ಬಾಗಿಲಿನಾಚೆ ಚಾಚಿ ಬಿದ್ದುಕೊಂಡಿದ್ದಳು ವೈರಕ್ಕ. ಆ ಬೀದಿಯ ಗ್ಯಾರೇಜುಗಳಲ್ಲೆಲ್ಲ ಅವಳಿಗೆ ಅದೇ ಹೆಸರು. ಸ್ವಂತ ತಮ್ಮನ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸವೆಲ್ಲ ಅವಳದು. ಎದೆಯ ಮೇಲೆ ಸ್ಕ್ಯಾನರ್ ಮಲಗಿತ್ತು. ಗಾಡಿಯ ಒಳಗಿನ ಕಂಪ್ಯೂಟರಿಗೆ ಕೇಬಲ್ ಚುಚ್ಚಿ, ನಿನಗೇನು ಕಾಯಿಲೆ ಎಂದು ಕೇಳುವ ಯಂತ್ರ ಅದು. ಅವಳು ಕೇಳಿದಾಗಲೆಲ್ಲ ಅದರ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು, ತಿರುಗುತ್ತಿತ್ತು, ಆಮೇಲೆ ಸೋತು ನಿಂತು, ವಾಹನದೊಂದಿಗೆ ಸಂಪರ್ಕ ಸಾಧ್ಯವಾಗಲಿಲ್ಲ ಎಂದು ಬರೆಯುತ್ತಿತ್ತು. ಬೆಳಿಗ್ಗೆಯೂ ಹಾಗೇ ಬರೆದಿತ್ತು. ಆಗ ಅವಳು ಇದೇ ಸೀಟಿನ ಮೇಲೆ ಕೂತಿದ್ದಳು, ಯಜಮಾನ ಬಾಗಿಲು ಹಿಡಿದು ನಿಂತಿದ್ದ, ಅವನ ಹಿಂದೆ ಡ್ರೈವರ್. ‘ಏನಮ್ಮಾ, ಕನೆಕ್ಟ್ ಆಗ್ತಿದೆಯೋ ಇಲ್ವೋ? ಕಥೆ ಬೇಡ. ಒಂದೇ ಮಾತಲ್ಲಿ ಹೇಳು.’ ಅವಳು ಒಂದೇ ಮಾತಿನಲ್ಲಿ ಹೇಳಿದಳು: ‘ಆಗ್ತಿಲ್ಲ.’

ಅದು ಸುಳ್ಳಲ್ಲ. ಅದೇ ಅವಳನ್ನು ಕೊರೆಯುತ್ತಿದ್ದುದು. ಸುಳ್ಳಾಗಿದ್ದರೆ ಅದಕ್ಕೊಂದು ಮುಖ ಇರುತ್ತಿತ್ತು, ಅದರ ಕಪಾಳಕ್ಕೆ ಹೊಡೆಯಬಹುದಿತ್ತು. ಇದು ನಿಜ, ಅಂಗಡಿಯವನು ತೂಕಕ್ಕೆ ಇಟ್ಟ ಹಾಗೆ ಇಟ್ಟ ಒಂದು ತುಣುಕು ನಿಜ. ಯಜಮಾನ ಅದನ್ನು ಎತ್ತಿಕೊಂಡು ಅಂಗಳದ ಕಡೆ ತಿರುಗಿದ. ‘ನೋಡಿದ್ರಾ? ನನ್ನ ಹೊಸ ಗಾಡಿಗಳಿಗೆಲ್ಲ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಕನೆಕ್ಟ್ ಆಗುತ್ತೆ. ಇದಕ್ಕೆ ಮಾತ್ರ ಆಗಲ್ಲ. ಅಂದ್ರೆ ಏನರ್ಥ? ಕಂಪ್ಯೂಟರಿನ ವೈರಿಗೇ ಕೈ ಹಾಕಿದಾನೆ. ಮೆಷಿನ್ನೇ ಹೇಳ್ತಿದೆ, ನಾನಲ್ಲ.’ ಡ್ರೈವರ್ ಯಜಮಾನನನ್ನು ನೋಡಲಿಲ್ಲ. ಅವಳನ್ನು ನೋಡಿದ. ವಯಸ್ಸಿನಲ್ಲಿ ಹಿರಿಯನಾದರೂ ಅವಳನ್ನು ತಾಯಿ ಎಂದೇ ಕರೆಯುವವನು, ಗಾಡಿ ತಂದಾಗಲೆಲ್ಲ ಚಕ್ರಕ್ಕೆ ಕಲ್ಲು ಕೊಟ್ಟು, ‘ನಿಮ್ಮ ಕಾಲ ಮೇಲೆ ಹತ್ತಿದ್ರೆ ನನ್ನ ಲೈಸೆನ್ಸ್ ಅಲ್ಲ ತಾಯಿ, ಜನ್ಮವೇ ಕ್ಯಾನ್ಸಲ್’ ಎನ್ನುವವನು. ‘ನಾನು ಕತ್ತರಿಸಿಲ್ಲ, ನೀವಾದ್ರೂ ಹೇಳಿ ತಾಯಿ’ ಎಂದ. ಹೇಳುವುದಿತ್ತು. ಕನೆಕ್ಟ್ ಆಗದಿರುವುದಕ್ಕೆ ನೂರು ಕಾರಣ ಇರುತ್ತೆ, ನಾನಿನ್ನೂ ಒಂದನ್ನೂ ನೋಡಿಲ್ಲ ಎನ್ನುವುದಿತ್ತು. ಬದಲಿಗೆ ಅವಳು ತಲೆ ಬಗ್ಗಿಸಿ ಸ್ಕ್ಯಾನರಿನ ಕೇಬಲ್ ಸುತ್ತತೊಡಗಿದಳು. ಸುತ್ತಿಗೆ ಸುತ್ತು ಕೂಡುವಂತೆ, ಎಲ್ಲೂ ಮುರುಟದಂತೆ, ಬಲು ಚೆಂದವಾಗಿ ಸುತ್ತಿದಳು. ಅಷ್ಟರಲ್ಲಿ ಡ್ರೈವರ್ ಸೀಟಿನ ಹಿಂದಿನಿಂದ ತನ್ನ ಬೆನ್ನಿನ ದಿಂಬನ್ನು ಎತ್ತಿಕೊಂಡು ಕಂಕುಳಲ್ಲಿ ಇರುಕಿ ಗೇಟಿನಾಚೆ ನಡೆದಿದ್ದ.

ದಿಂಬು ಇದ್ದ ಜಾಗದಲ್ಲಿ ಈಗ ಸೀಟಿನ ಬಟ್ಟೆ ಮಾಸದೆ ತಿಳಿಯಾಗಿತ್ತು, ಗೋಡೆಯಿಂದ ಚಿತ್ರಪಟ ತೆಗೆದ ಮೇಲೆ ಉಳಿಯುವ ಚೌಕದಂತೆ. ಅವಳು ಅದರ ಮೇಲೆ ಕೂರಲಾರದೆ ಕೆಳಗೆ ಇಳಿದು ಮಲಗಿದ್ದಳು. ವ್ಯಾನಿನೊಳಗೆ ಒದ್ದೆ ಬಟ್ಟೆಯ, ಸೋಪಿನ ನೀರಿನ, ಆಸ್ಪತ್ರೆಯ ಹಾಸಿಗೆ ಹೊದಿಕೆಗಳ ವಾಸನೆ. ಈ ಡ್ರೈವರ್ ಹೋದ ತಿಂಗಳು ಯಜಮಾನನೆದುರು ನಿಂತು, ವಾರಕ್ಕೊಂದು ದಿನ ರಜೆ ಕೊಡಿ ಎಂದು ಎಲ್ಲ ಡ್ರೈವರುಗಳ ಪರವಾಗಿ ಕೇಳಿದ್ದನಂತೆ. ‘ಒಗೆದ ಬಟ್ಟೆಗೂ ಒಣಗೋಕೆ ಹೊತ್ತು ಕೊಡ್ತೀರಿ ಯಜಮಾನ್ರೇ, ನಮ್ಮನ್ನ ಹಿಂಡಿದ್ದೇ ಹಿಂಡ್ತೀರಿ’ ಎಂದಿದ್ದನಂತೆ. ಈ ಮಾತು ಬೀದಿಯ ತುಂಬ ಓಡಾಡಿ ಅವಳ ಕಿವಿಗೂ ಬಿದ್ದು, ಅವಳು ಸೋಲ್ಡರಿಂಗ್ ಮಾಡುತ್ತಾ ಒಬ್ಬಳೇ ನಕ್ಕಿದ್ದಳು. ನಗುವುದು ಸುಲಭ. ಯಾರೋ ಆಡಿದ ಮಾತಿಗೆ ನಗುವುದು ಬಹಳ ಸುಲಭ. ಸಂಜೆ ಯಜಮಾನ ಉಳಿದ ಡ್ರೈವರುಗಳನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಬರುವವನಿದ್ದ. ಗ್ಯಾರೇಜಿನವರ ಬಾಯಿಂದಲೇ ಅವರೆಲ್ಲ ಕೇಳಬೇಕು: ಹೌದು, ಕತ್ತರಿಸಿದ್ದಾನೆ. ಆ ಮೇಲೆ ರಜೆಯ ಮಾತನ್ನು ಯಾರು ಎತ್ತುತ್ತಾರೆ?

‘ಏನ್ ವೈರಕ್ಕ, ಮಾತುಕತೆ ಮುರಿದುಬಿತ್ತಾ? ಹುಡುಗಿ ಬಾಯೇ ಬಿಡ್ತಿಲ್ವಾ?’ ಪಕ್ಕದ ಶೆಡ್ಡಿನಿಂದ ಪೇಂಟರನ ದನಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದು ಕಾರಿನ ಬಾಗಿಲು ಉಜ್ಜುತ್ತಿದ್ದ.

‘ಹುಡುಗನದೇ ದೋಷವೇನೋ. ತಾಳು, ನಿಮ್ಮ ಮನೇಲೊಂದು ಸಲ ಕೇಳಿ ನೋಡ್ತೀನಿ’ ಎಂದು ಅವಳು ಎದ್ದು, ಸ್ಕ್ಯಾನರ್ ಹಿಡಿದು, ಅವನು ಉಜ್ಜುತ್ತಿದ್ದ ಕಾರಿನೊಳಗೆ ಬಗ್ಗಿ ಕೇಬಲ್ ಚುಚ್ಚಿದಳು. ಚಕ್ರ ಅರ್ಧ ಸುತ್ತೂ ತಿರುಗಲಿಲ್ಲ. ಕಾರು ತನ್ನ ಕಷ್ಟಸುಖವನ್ನೆಲ್ಲ ಸಾಲುಸಾಲಾಗಿ ಒಪ್ಪಿಸಿಬಿಟ್ಟಿತು.

‘ನಮ್ಮ ಹುಡುಗಿ ನೋಡಿ, ಎಷ್ಟು ವಾಚಾಳಿ’ ಎಂದ ಪೇಂಟರ್. ‘ಅಲ್ಲ ಅಕ್ಕ, ಯಜಮಾನ್ರು ಆಗಲೇ ತೀರ್ಪು ಕೊಟ್ಟು ಹೋಗಾಯ್ತು. ನೀವಿನ್ನೂ ವಿಚಾರಣೆ ಮಾಡ್ತಿದೀರಾ?’

‘ತೀರ್ಪು ಕೊಟ್ಟಿದ್ದು ಅವರು. ಸಾಕ್ಷಿ ನಾನಂತೆ’ ಎಂದಳು. ಪೇಂಟರ್ ನಗಲಿಲ್ಲ. ಗ್ಯಾರೇಜಿನ ಹಣೆಯ ಮೇಲೆ ಅವನೇ ಬರೆದ ಬೋರ್ಡಿತ್ತು, ‘ತಂದೆ ಮತ್ತು ಮಗ ಆಟೋ ವರ್ಕ್ಸ್’. ಅದನ್ನು ಹೊಸದಾಗಿ ಬಣ್ಣ ಬಳಿದಾಗ, ‘ಪಕ್ಕದಲ್ಲಿ ಒಂದು ಗೇಣು ಜಾಗ ಇದೆ ವೈರಕ್ಕ, ಮಗಳನ್ನೂ ಬರೆದುಬಿಡ್ಲಾ?’ ಎಂದು ಕೇಳಿದ್ದ. ತಮಾಷೆಗೆ ಕೇಳಿದ್ದೋ ನಿಜಕ್ಕೂ ಕೇಳಿದ್ದೋ ಅವಳಿಗೆ ಇವತ್ತಿಗೂ ತಿಳಿಯದು. ಬೇಡ ಬಿಡೋ ಎಂದಿದ್ದಳು, ಅದೂ ತಮಾಷೆಗೋ ನಿಜಕ್ಕೋ ತಿಳಿಯದು.

ಯಂತ್ರ ಸರಿಯಿದೆ. ಹಾಗಾದರೆ ಗಾಡಿ. ಅವಳು ಮತ್ತೆ ಕೆಳಗೆ ತೂರಿದಳು. ಸ್ಕ್ಯಾನರಿನೊಳಗಿನ ಹಳೆಯ ಮಾಡೆಲ್ಲುಗಳ ಪಟ್ಟಿಯಲ್ಲಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗಿ ಹುಡುಕಿದಳು. ಚಕ್ರ ತಿರುಗಿ ಸೋತಿತು. ಫ್ಯೂಸು ಕಿತ್ತು ಬೆಳಕಿಗೆ ಹಿಡಿದಳು. ಒಳಗಿನ ಎಳೆ ನೆಟ್ಟಗಿತ್ತು. ಕೇಬಲ್ ಚುಚ್ಚುವ ಸಾಕೆಟ್ಟಿನ ಪಿನ್ನುಗಳನ್ನು ಒಂದೊಂದಾಗಿ ಉಗುರಿನಿಂದ ಒತ್ತಿ ನೋಡಿದಳು. ಯಾವುದೂ ಹಿಂದಕ್ಕೆ ಸರಿದಿರಲಿಲ್ಲ, ಯಾವುದಕ್ಕೂ ತುಕ್ಕಿಲ್ಲ. ಕರೆಂಟು ಅಳೆಯುವ ಮೀಟರಿನ ಮುಳ್ಳುಕಡ್ಡಿ ಇಟ್ಟಳು. ಬ್ಯಾಟರಿಯ ಕರೆಂಟು ಸರಿಯಾಗಿ ಬರುತ್ತಿತ್ತು, ಅರ್ಥಿಂಗ್ ಸರಿಯಾಗಿತ್ತು. ಎಲ್ಲ ಸರಿಯಿದ್ದು ಮಾತು ಮಾತ್ರ ಬರದಿದ್ದರೆ ಯಜಮಾನ ಹೇಳಿದ್ದೇ ನಿಜವಾಗುತ್ತದೆ. ನಿಜವಾಗಿಬಿಟ್ಟರೆ? ಡ್ರೈವರ್ ರೋಸಿಹೋಗಿ, ಒಂದು ದಿನವಾದರೂ ಮನೆಯಲ್ಲಿ ಕಾಲು ಚಾಚಬೇಕೆಂದು, ಒಂದು ಎಳೆ ಕತ್ತರಿಸಿದ್ದರೆ? ಕತ್ತರಿಸಿದ್ದರೂ ಏನಂತೆ ಎಂದು ಅವಳೊಳಗೆ ಯಾರೋ ಗದರಿದರು. ಹಿಂಡಿಸಿಕೊಂಡವನು ಕತ್ತರಿಸಿದರೆ ಅಪರಾಧ, ಹಿಂಡಿದವನು ಯಜಮಾನ. ಆದರೆ ಕತ್ತರಿಸಿಲ್ಲ ಎಂದಿದ್ದಾನೆ. ಗಾಡಿಯ ಚಕ್ರಕ್ಕೆ ಕಲ್ಲು ಕೊಡುವ ಮನುಷ್ಯ ಕತ್ತರಿಸಿದ್ದರೆ ಕತ್ತರಿಸಿದೆ ಅನ್ನುತ್ತಾನೆ.

ಅಪ್ಪನೂ ಹೀಗೇ ಮಲಗುತ್ತಿದ್ದ. ಕೊನೆಕೊನೆಗೆ ಅವನ ಕಣ್ಣು ಮಂಜಾದಾಗ ಅವಳೇ ಕೆಳಗೆ ತೂರಿ, ಕೆಂಪು ಯಾವುದು, ಕಂದು ಯಾವುದು ಎಂದು ಹೇಳುತ್ತಿದ್ದಳು; ಆಮೇಲೆ ಹೇಳುವುದನ್ನೂ ಬಿಟ್ಟು ತಾನೇ ಜೋಡಿಸುತ್ತಿದ್ದಳು. ಅಪ್ಪ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಟಾರ್ಚು ಹಿಡಿಯುತ್ತಿದ್ದ. ಗಿರಾಕಿ ಬಂದು, ಅಬ್ಬ, ಯಾರಿಗೂ ಸಿಗದ ಫಾಲ್ಟು, ಯಾರು ಹಿಡಿದಿದ್ದು ಎಂದು ಕೇಳಿದರೆ ಅಪ್ಪ, ನಾನೇ ಎನ್ನುತ್ತಿದ್ದ. ಅದರಲ್ಲಿ ಮೋಸವಿರಲಿಲ್ಲ, ಅಭ್ಯಾಸವಿತ್ತು. ಅಷ್ಟು ಹೊತ್ತಿಗೆ ಟಾರ್ಚು ಅವಳ ಕೈಗೆ ಬಂದಿರುತ್ತಿತ್ತು, ಯಾವಾಗ ಬಂತೋ ಅವಳಿಗೇ ಗೊತ್ತಾಗುತ್ತಿರಲಿಲ್ಲ. ಮೆಕ್ಯಾನಿಕ್ ಇಲ್ವೇನಮ್ಮ ಎಂದು ಅವಳನ್ನೇ ಕೇಳುವವರು ಇವತ್ತಿಗೂ ಬರುತ್ತಾರೆ. ಕೈಯಲ್ಲಿ ಮೀಟರ್ ಹಿಡಿದುಕೊಂಡೇ, ಒಳಗಿದಾರೆ, ಕರೀತೀನಿ ಎನ್ನುತ್ತಾಳೆ. ತಮ್ಮ ಬಂದು ನಿಂತು ಕೇಳಿಸಿಕೊಳ್ಳುತ್ತಾನೆ, ಅವಳು ರಿಪೇರಿ ಮಾಡುತ್ತಾಳೆ, ಎಲ್ಲ ಸಲೀಸು. ಬಾಯಿ ಮುಚ್ಚಿಕೊಂಡು ಕೈ ಆಡಿಸುವುದು ಇಷ್ಟು ವರ್ಷ ತನಗೆ ಒಂದು ಬಗೆಯ ಬಿಂಕವಾಗಿತ್ತು ಎಂದು ಅವಳಿಗೆ ಅಲ್ಲೇ, ಕೆಳಗೆ, ಬ್ರೇಕಿನ ಪೆಡಲು ಕೆನ್ನೆಗೆ ತಾಗುತ್ತಿದ್ದಾಗ ಅನಿಸಿತು. ಇವತ್ತು ಬೆಳಿಗ್ಗೆ ಆ ಬಿಂಕಕ್ಕೆ ಒಬ್ಬ ಮನುಷ್ಯ ಬಲಿಯಾದ.

ಏಳನೆಯ ಪಿನ್ನು ಉಳಿದಿತ್ತು. ಹೊಸ ಗಾಡಿಗಳು ಎರಡು ತಂತಿಯ ಮೇಲೆ ಗಿಜಿಗಿಜಿ ಎಂದು ಮಾತಾಡುತ್ತವೆ. ಇಂಥ ಹಳೆಯದಕ್ಕೆ ಒಂದೇ ತಂತಿ. ಅದು ಈ ಏಳನೆಯ ಪಿನ್ನಿಗೆ ಬಂದು ಮುಟ್ಟುತ್ತದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳಬೇಕು, ನಿಧಾನ, ಹಿರಿಯರ ಜೊತೆ ಮಾತಾಡಿದ ಹಾಗೆ. ಯಾರೂ ಮಾತಾಡದೆ ಸುಮ್ಮನಿರುವಾಗ ಆ ತಂತಿಯಲ್ಲಿ ಬ್ಯಾಟರಿಯಷ್ಟೇ ಕರೆಂಟು ತುಂಬಿ ನಿಂತಿರುತ್ತದೆ. ಮಾತಿಗೆ ಮೊದಲು ಎಳೆದುಕೊಂಡ ಉಸಿರು ಅದು. ಅವಳು ಕಡ್ಡಿ ಇಟ್ಟಳು. ಮೀಟರಿನಲ್ಲಿ ಅಂಕಿ ಮೇಲೇಳಲಿಲ್ಲ. ಸೊನ್ನೆಯ ಹತ್ತಿರದಲ್ಲೇ ಮುದುರಿಕೊಂಡು ಕೂತಿತ್ತು.

ಅವಳು ಉಸಿರು ಬಿಗಿಹಿಡಿದಳು. ಕತ್ತರಿಸಿದ ತಂತಿಯೂ ಹೀಗೇ ಇರಬಹುದು, ಎಲ್ಲೋ ಅದುಮಿಟ್ಟ ತಂತಿಯೂ ಹೀಗೇ ಇರಬಹುದು. ಸುಮ್ಮನೆ ಸ್ಕ್ಯಾನರಿನ ಕೇಬಲ್ ಚುಚ್ಚಿ ಮತ್ತೆ ಅಳೆದಳು. ತಂತಿ ಕತ್ತರಿಸಿದ್ದರೆ ಸ್ಕ್ಯಾನರೇ ತನ್ನ ಕಡೆಯಿಂದ ಕರೆಂಟು ತುಂಬಬೇಕಿತ್ತು, ಅದೂ ಏರಲಿಲ್ಲ. ಆ ಕಡೆಯಿಂದ ಗಾಡಿ, ಈ ಕಡೆಯಿಂದ ಸ್ಕ್ಯಾನರ್ ಇಬ್ಬರೂ ಬಾಯಿ ತೆರೆಯುತ್ತಿದ್ದಾರೆ, ನಡುವೆ ಯಾರೋ ಕೈ ಅಡ್ಡ ಇಟ್ಟು ಅದುಮುತ್ತಿದ್ದಾರೆ. ‘ಕತ್ತರಿಸಿಲ್ಲ’ ಎಂದು ಗಟ್ಟಿಯಾಗಿ ಹೇಳಿದಳು. ಕೇಳಿಸಿಕೊಳ್ಳಲು ಪೆಡಲುಗಳಷ್ಟೇ ಇದ್ದವು. ಆದರೂ ಹೇಳಿದ್ದರಿಂದ ಎದೆ ಒಂದಿಷ್ಟು ಅಗಲವಾಯಿತು.

ಆಮೇಲೆ ಹುಡುಕುವುದು ಕಣ್ಣಿನ ಕೆಲಸವಲ್ಲ, ಬೆರಳಿನ ಕೆಲಸ. ಸಾಕೆಟ್ಟಿನ ಬೆನ್ನಿನಿಂದ ಹೊರಟ ತಂತಿಗಳ ಗುಂಪನ್ನು ಹಿಡಿದು ಕತ್ತಲೆಯೊಳಕ್ಕೆ ಬೆರಳು ಜಾರಿಸಿದಳು. ಒಂದು ಕಡೆ ದಪ್ಪವಾಗಿ ಗಂಟು ಸಿಕ್ಕಿತು, ಕಂಪನಿಯವರು ಕಟ್ಟಿದ್ದಲ್ಲ, ಆಮೇಲೆ ಯಾರೋ ಹಾಕಿದ ಜಾಯಿಂಟು. ಟೇಪಿನ ಸುತ್ತಿನ ಮೇಲೆ ಹೆಬ್ಬೆರಳಾಡಿಸಿದಾಗ ತುದಿಯಲ್ಲೊಂದು ಪುಟ್ಟ ಬಾಲ ತಾಕಿತು.

ಬಾಲ. ಟೇಪು ಸುತ್ತಿ ಮುಗಿಸಿದ ಮೇಲೆ ತುದಿಯನ್ನು ಉಗುರಿನಷ್ಟು ಮಡಚಿ ಅಂಟಿಸದೆ ಬಿಡುವುದು. ಬೀದಿಯ ಬೇರೆ ಯಾವ ಗ್ಯಾರೇಜಿನವರೂ ಹಾಗೆ ಮಾಡುವುದಿಲ್ಲ. ನೋಡಿದವರು ಅರ್ಧಂಬರ್ಧ ಕೆಲಸ ಎಂದು ಹಂಗಿಸುತ್ತಾರೆ. ತಮ್ಮ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ, ಅಡುಗೆಮನೆಯ ನೆಲದ ಮೇಲೆ ಹಳೆಯ ವೈರಿನ ತುಂಡುಗಳನ್ನು ಹರವಿಕೊಂಡು ಅವಳೇ ಅವನಿಗೆ ಕಲಿಸಿದ್ದು. ‘ಯಾಕಕ್ಕ ಬಾಲ?’ ಎಂದಿದ್ದ. ‘ನಾಳೆ ಇದನ್ನ ಯಾರೋ ಬಿಚ್ಚಬೇಕಾಗುತ್ತೆ ಕಣೋ. ಅವರಿಗೆ ಕತ್ತಲಲ್ಲಿ ತುದಿ ಸಿಗಬೇಕಲ್ಲ.’ ಅವನು ನಾಲಿಗೆ ಕಚ್ಚಿಕೊಂಡು ಸುತ್ತಿದ್ದ, ಬಾಲ ಮಡಚಿದ್ದ, ಇಲಿಮರಿ ಹಾಗಿದೆ ಎಂದು ನಕ್ಕಿದ್ದ. ಅವಳ ತುಟಿಗೆ ಆ ನಗು ಬಂದೂಬಿಟ್ಟಿತು. ಬಂದದ್ದು ಅಲ್ಲೇ ಹುಳಿಯಾಯಿತು. ಇದು ತಮ್ಮನ ಕೈ.

ಬಾಲ ಹಿಡಿದು ಎಳೆದಳು. ಟೇಪು ಹೇಳಿದ ಮಾತು ಕೇಳುವಂತೆ ಬಿಚ್ಚಿಕೊಂಡಿತು. ಏಳನೆಯ ಪಿನ್ನಿನ ತಂತಿಗೆ ಒಂದು ಹಳದಿ ತಂತಿಯನ್ನು ಹೆಣೆದಿತ್ತು. ಅದರ ಬೆನ್ನು ಹತ್ತಿ ಹೋದರೆ ಗ್ಲೋವ್ ಬಾಕ್ಸಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಪೆಟ್ಟಿಗೆ. ಗಾಡಿ ಎಲ್ಲಿದೆ, ಎಷ್ಟು ಹೊತ್ತು ನಿಂತಿದೆ ಎಂದು ಯಜಮಾನನ ಫೋನಿಗೆ ಚಾಡಿ ಹೇಳುವ ಪೆಟ್ಟಿಗೆ. ಡ್ರೈವರ್ ರಜೆ ಕೇಳಿದ ವಾರವೇ ಯಜಮಾನ ಎಲ್ಲ ವ್ಯಾನುಗಳಿಗೂ ಇದನ್ನು ಹಾಕಿಸಿದ್ದ. ಆ ವಾರ ಅವಳು ಜ್ವರದಿಂದ ಮನೆಯಲ್ಲಿದ್ದಳು. ಮಾತಿಗೆ ಈ ಪಿನ್ನು ಬೇಡದ ಹೊಸ ಗಾಡಿಗಳಿಗೆ ಹಾಕಿದ ಕೈ ಅದೇ ಓಟದಲ್ಲಿ ಹಳೆಯದಕ್ಕೂ ಹಾಕಿತ್ತು. ಪೆಟ್ಟಿಗೆಯಿಂದ ಇನ್ನೊಂದು ದಪ್ಪ ಜೋಡಿ ತಂತಿ ಪೆಟ್ರೋಲ್ ಪಂಪಿನ ಕಡೆ ಹೋಗಿತ್ತು, ಯಜಮಾನ ಬೇಕೆಂದಾಗ ಗಾಡಿಯನ್ನು ಕೂತಲ್ಲಿಂದಲೇ ನಿಲ್ಲಿಸಲು. ಮುಂದಿನ ಗಾಜಿನ ರಬ್ಬರು ಸೀಳಿದ ಕಡೆಯಿಂದ ಇಳಿದ ನೀರಿನ ಗೆರೆ ನೇರ ಪೆಟ್ಟಿಗೆಯ ನೆತ್ತಿಗೆ ಬಂದು ಮುಗಿಯುತ್ತಿತ್ತು. ಮುಚ್ಚಳ ಎಬ್ಬಿಸಿದಳು. ಒಳಗೆ ಹಸಿರು ಕಿಲುಬು, ಪಾಚಿ ಕಟ್ಟಿದ ಕಟ್ಟೆಯ ಹಾಗೆ.

ಅವಳು ಎದ್ದು ಕೂತು ಗಾಡಿ ಸ್ಟಾರ್ಟ್ ಮಾಡಿದಳು. ಎಂಜಿನ್ ಓಡುತ್ತಿರುವಾಗ ಪೆಟ್ಟಿಗೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಒಳಗೆ ಟಕ್ ಎಂದಿತು. ಎಂಜಿನ್ ಕೆಮ್ಮಿ ಸತ್ತಿತು. ಇಷ್ಟೇ. ನಡುದಾರಿಯಲ್ಲಿ, ಹಿಂದಿನ ಗಾಡಿಗಳು ಹಾರನ್ ಬಾರಿಸುತ್ತಿರುವಾಗ, ಒದ್ದೆ ಹೊದಿಕೆಗಳ ಮೂಟೆಗಳ ನಡುವೆ ಆ ಮನುಷ್ಯ ಒಬ್ಬನೇ ಕೀ ತಿರುಗಿಸುತ್ತಾ ಕೂತಿದ್ದಾಗ ಆಗಿದ್ದದ್ದು ಇಷ್ಟೇ. ಪೆಟ್ಟಿಗೆಯ ಪ್ಲಗ್ಗು ಎಳೆದು ತೆಗೆದಳು, ಪಂಪಿನ ತಂತಿಯನ್ನು ನೇರ ಜೋಡಿಸಿದಳು, ಏಳನೆಯ ಪಿನ್ನಿಗೆ ಕಡ್ಡಿ ಇಟ್ಟಳು. ಅಂಕಿ ಒಂದೇ ಉಸಿರಿಗೆ ಬ್ಯಾಟರಿಯಷ್ಟೂ ಏರಿ ನಿಂತಿತು. ಕೇಬಲ್ ಚುಚ್ಚಿ ಗುಂಡಿ ಒತ್ತಿದಾಗ ಚಕ್ರ ತಿರುಗಿತು, ಹಳೆಯ ಗಾಡಿಯ ನಿಧಾನಕ್ಕೆ ತಕ್ಕ ಹಾಗೆ ತಿರುಗಿತು, ಆಮೇಲೆ ಪರದೆ ತುಂಬ ಬೆಳಕಾಯಿತು: ಸಂಪರ್ಕವಾಗಿದೆ. ಕೆಳಗೆ ಒಂದೇ ಸಾಲು: ಪೆಟ್ರೋಲ್ ಪಂಪ್ ಸರ್ಕ್ಯೂಟ್, ವಿದ್ಯುತ್ ಆಗಾಗ ಕಡಿತ. ಅವಳು ಆ ಸಾಲನ್ನು ಓದಿದಳು. ಮತ್ತೊಮ್ಮೆ ಬಾಯಿಬಿಟ್ಟು ಓದಿದಳು, ಮಗು ಅಕ್ಷರ ಕೂಡಿಸಿ ಓದಿದ ಹಾಗೆ. ಆಮೇಲೆ ಗ್ರೀಸಿನ ಕೈಯಲ್ಲೇ ಫೋನ್ ತೆಗೆದು ಡ್ರೈವರಿಗೆ ಮಾಡಿದಳು.

‘ಅಣ್ಣ, ನಾನು. ಸಂಜೆ ಗ್ಯಾರೇಜಿಗೆ ಬನ್ನಿ.’

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. ‘ಏನಾದ್ರೂ ಬಿಟ್ಟುಬಂದಿದೀನಾ ತಾಯಿ?’

‘ಹೂಂ. ಗಾಡಿ ಮಾತಾಡ್ತಿದೆ. ನಿಮ್ಮ ಬಗ್ಗೆಯೇ ಹೇಳ್ತಿದೆ. ಬೆಳಿಗ್ಗೆ ನಾನು ಹೇಳಬೇಕಾಗಿದ್ದದ್ದು.’

ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, ‘ಕೈ ಒರೆಸಿಕೊಂಡು ಹೊರಟೆ’ ಎಂದ.

ಬಿಸಿಲು ಶೆಡ್ಡಿನ ತಗಡಿನಿಂದ ಇಳಿದು ಗೋಡೆಗೆ ಬಂದಿದ್ದಾಗ ತಮ್ಮ ಬಂದ. ಸ್ಪೇರ್ ಪಾರ್ಟ್ಸ್ ತರಲು ಹೋಗಿದ್ದವನು ಕೈಚೀಲ ಇಳಿಸದೆ ನೇರ ವ್ಯಾನಿನ ಕಿಟಕಿಗೆ ಬಂದು ನಿಂತ. ಪರದೆ ನೋಡಿದ. ಸೀಟಿನ ಮೇಲೆ ಬಿಚ್ಚಿ ಇಟ್ಟಿದ್ದ ಪೆಟ್ಟಿಗೆಯನ್ನೂ ಬಾಲದ ಸಮೇತ ಸುರುಳಿ ಬಿದ್ದಿದ್ದ ಟೇಪನ್ನೂ ನೋಡಿದ. ಕಿವಿಯ ತುದಿ ಕೆಂಪಾಯಿತು. ಚಿಕ್ಕಂದಿನಿಂದಲೂ ಅವನಿಗೆ ಮೊದಲು ಕೆಂಪಾಗುವುದು ಅದೇ.

‘ಅಕ್ಕ, ಇದನ್ನ ವಾಪಸ್ ಜೋಡಿಸು. ಅವರು ಬರೋ ಹೊತ್ತಾಯ್ತು.’

‘ನಿನ್ನ ಜಾಯಿಂಟು ಚೆನ್ನಾಗಿದೆ ಕಣೋ. ಜಾಗ ತಪ್ಪು, ಅಷ್ಟೇ. ಯಾರಿಗೂ ಆಗಬಹುದು.’

‘ತಪ್ಪು ಅಂತ ಗೊತ್ತು.’ ಅವನು ಕೈಚೀಲವನ್ನು ಇನ್ನೊಂದು ಕೈಗೆ ದಾಟಿಸಿದ. ‘ಹೋದ ವಾರವೇ ಗೊತ್ತಾಯ್ತು. ಯಜಮಾನ್ರಿಗೂ ಹೇಳಿದೆ, ಹಳೇ ಗಾಡಿಗೆ ಈ ಪೆಟ್ಟಿಗೆ ಒಗ್ತಿಲ್ಲ, ಅದಕ್ಕೇ ನಿಲ್ತಿರಬೇಕು, ತೆಗೆದುಬಿಡೋಣ ಅಂತ. ಇರಲಿ ಬಿಡು, ಒಳ್ಳೇದೇ ಆಯ್ತು ಅಂದ್ರು.’

ಒಳ್ಳೇದೇ ಆಯ್ತು. ಆ ಮಾತು ಅವಳ ಮೈಯ ಮೇಲಿನಿಂದ ಹುಳದ ಹಾಗೆ ಹರಿದುಹೋಯಿತು. ಬೆಳಿಗ್ಗೆ ಒಂದೇ ಮಾತಲ್ಲಿ ಹೇಳು ಎಂದದ್ದು, ಆ ಅವಸರ, ಮೆಷಿನ್ನೇ ಹೇಳ್ತಿದೆ ಎಂದು ಅಂಗಳಕ್ಕೆ ತಿರುಗಿದ ಆ ಭುಜ, ಎಲ್ಲವೂ ಈಗ ಬೇರೆ ಬೆಳಕಿನಲ್ಲಿ ನಿಂತವು. ಯಜಮಾನನಿಗೆ ಗೊತ್ತಿತ್ತು. ಗೊತ್ತಿದ್ದೂ ದಿಂಬು ಎತ್ತಿಕೊಂಡು ಹೋಗುವುದನ್ನು ನೋಡಿದ. ತಮ್ಮನಿಗೂ ಗೊತ್ತಿತ್ತು, ಅವನು ಆಗ ಆಫೀಸಿನ ಬಾಗಿಲಲ್ಲಿ ನಿಂತು ಮೊಬೈಲು ಒರೆಸುತ್ತಿದ್ದ. ತಾನು ಕೇಬಲ್ ಸುತ್ತಿದಂತೆ ಅವನು ಮೊಬೈಲು ಒರೆಸಿದ. ಒಂದೇ ಅಡುಗೆಮನೆಯ ನೆಲದ ಮೇಲೆ ಕಲಿತ ಇಬ್ಬರು. ಅವಳಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಅದಕ್ಕಿಂತ ನೋವಿನ, ಅದಕ್ಕಿಂತ ಹತ್ತಿರದ ಒಂದು ಸಂಕಟ.

‘ಹಾಗೆ ನೋಡಬೇಡ ಅಕ್ಕ. ಅವರ ಗಾಡಿಗಳೆಲ್ಲ ಹೋದ್ರೆ ನಾವು ಶಟರ್ ಎಳೆಯೋದೇ.’

‘ಎಳೆಯೋಣ. ಬೆಳಿಗ್ಗೆ ಮತ್ತೆ ಎತ್ತೋಣ. ಶಟರ್ ಇರೋದೇ ಅದಕ್ಕಲ್ವೇನೋ.’

‘ನಿನಗೆ ತಮಾಷೆ.’

‘ತಮಾಷೆ ಅಲ್ಲ. ಬೆಳಿಗ್ಗೆ ಆ ಮನುಷ್ಯ ನನ್ನ ಮುಖ ನೋಡಿದ. ನೀನು ಆ ಕಡೆ ತಿರುಗಿದ್ದೆ, ಉಳ್ಕೊಂಡೆ. ನಾನು ಎದುರಿಗಿದ್ದೆ.’

ತಮ್ಮ ಕೈಚೀಲವನ್ನು ನೆಲಕ್ಕೆ ಇಳಿಸಿದ. ಗೇಟಿನಾಚೆ ಬ್ರೇಕಿನ ಸದ್ದು ಕೇಳಿಸಿತು. ಲಾಂಡ್ರಿಯ ಹೊಸ ವ್ಯಾನು ರಸ್ತೆಯಂಚಿಗೆ ನಿಂತಿತ್ತು. ಹಿಂದಿನ ಬಾಗಿಲು ತೆರೆದು ಡ್ರೈವರುಗಳು ಒಬ್ಬೊಬ್ಬರಾಗಿ ಸೊಂಟ ಹಿಡಿದು ಇಳಿಯುತ್ತಿದ್ದರು. ಯಜಮಾನ ಅವರಿಗಿಂತ ಮುಂದಾಗಿ, ಬಿರಬಿರನೆ, ಚಪ್ಪಲಿಯಲ್ಲಿ ಜಲ್ಲಿ ಎಗರಿಸುತ್ತಾ ಒಳಗೆ ಬಂದ. ಇಬ್ಬರ ಮುಖ ನೋಡಿದ. ಕಿಟಕಿಯೊಳಗೆ ಬಗ್ಗಿದ. ಪರದೆಯ ಬೆಳಕು ಅವನ ಗಲ್ಲದ ಮೇಲೆ ಬಿತ್ತು. ಓದುತ್ತಿರುವಾಗ ಅವನ ತುಟಿ ಅಲುಗಿತು.

‘ಏನಿದು?’

‘ಕನೆಕ್ಟ್ ಆಯ್ತು ಯಜಮಾನ್ರೇ’ ಎಂದಳು ವೈರಕ್ಕ. ಅವಳು ಸೀಟಿನ ಮೇಲೆ, ಆ ತಿಳಿಯಾದ ಚೌಕದ ಮೇಲೆಯೇ ಕೂತಿದ್ದಳು. ಯಾವಾಗ ಕೂತೆನೆಂದು ಅವಳಿಗೇ ನೆನಪಿರಲಿಲ್ಲ.

‘ಯಾರು ಹೇಳಿದ್ದು ನಿನಗೆ ಆ ಪೆಟ್ಟಿಗೆ ಬಿಚ್ಚು ಅಂತ?’ ದನಿ ತಗ್ಗಿಸಿದ. ಡ್ರೈವರುಗಳು ಗೇಟಿನ ಹತ್ತಿರ ನಿಂತು, ಒಳಗೆ ಬರಬಹುದೋ ಬಾರದೋ ಎಂದು ಕಾಯುತ್ತಿದ್ದರು. ಅವರ ಹಿಂದೆ, ರಸ್ತೆ ದಾಟಲು ಗಾಡಿಗಳಿಗೆ ಕಾಯುತ್ತಾ, ಬೆಳಿಗ್ಗೆಯ ಅಂಗಿಯಲ್ಲೇ ಇನ್ನೊಬ್ಬ ನಿಂತಿದ್ದ. ‘ನೋಡಮ್ಮ, ನೀನು ಕೆಲಸದವಳು. ದೊಡ್ಡ ಮಾತು ನಿನಗೆ ಬೇಡ. ಮೊದಲು ಆ ಮೆಷಿನ್ನಿನ ಪ್ಲಗ್ ಕೀಳು. ಅವರೆಲ್ಲ ಬರೋ ಮುಂಚೆ ಕೀಳು. ಏನಯ್ಯಾ, ಹೇಳಯ್ಯಾ ನಿಮ್ಮಕ್ಕಂಗೆ.’

ತಮ್ಮ ಅಲ್ಲಿರಲಿಲ್ಲ. ಓಡಿಹೋದ ಎಂದು ಅವಳ ಎದೆ ಒಮ್ಮೆ ಖಾಲಿಯಾಯಿತು. ಮರುಕ್ಷಣ ಶೆಡ್ಡಿನ ಮೂಲೆಯಿಂದ ಕಬ್ಬಿಣದ ಗಾಲಿ ಕಿರುಗುಡುವ ಸದ್ದು ಬಂತು. ಬ್ಯಾಟರಿ ಚಾರ್ಜರನ್ನು ಅವನು ಜಲ್ಲಿಯ ಮೇಲೆ ಎಳೆದು ತರುತ್ತಿದ್ದ. ಯಾರ ಮುಖವನ್ನೂ ನೋಡಲಿಲ್ಲ. ವ್ಯಾನಿನ ಬಾನೆಟ್ಟು ಎತ್ತಿ, ಕಡ್ಡಿ ಕೊಟ್ಟು ನಿಲ್ಲಿಸಿ, ಕೆಂಪು ಕ್ಲಿಪ್ಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಕಚ್ಚಿಸಿದ. ಕೀ ಇಷ್ಟು ಹೊತ್ತು ಆನ್ ಇದ್ದರೆ ಹಳೆಯ ಬ್ಯಾಟರಿ ಕುಸಿಯುತ್ತದೆ, ಕುಸಿದರೆ ಪರದೆ ಹೋಗುತ್ತದೆ; ಅದು ಗ್ಯಾರೇಜಿನವರಿಗಷ್ಟೇ ಹೊಳೆಯುವ ವಿಷಯ. ಯಜಮಾನನಿಗೆ ಹೊಳೆಯಲಿಲ್ಲ. ಅವನು ಅದನ್ನೇ ತನ್ನ ಮಾತಿಗೆ ತಮ್ಮನ ಒಪ್ಪಿಗೆ ಎಂದುಕೊಂಡು ಮತ್ತೆ ಅವಳ ಕಡೆ ತಿರುಗಿದ. ಪೇಂಟರ್ ಮೂಗಿನ ಬಟ್ಟೆ ಕೆಳಗೆಳೆದು, ಗೇಟಿನಲ್ಲಿ ನಿಂತಿದ್ದವರಿಗೆ, ‘ಅಲ್ಲೇ ಯಾಕೆ ನಿಂತ್ರಿ, ಬನ್ನಿ, ಒಳಗೆ ನೆರಳಿದೆ’ ಎಂದು ಕರೆಯುತ್ತಿದ್ದ. ಜಲ್ಲಿಯ ಮೇಲೆ ಹತ್ತಾರು ಕಾಲುಗಳ ಸದ್ದು ಹತ್ತಿರವಾಯಿತು.

‘ಕೀಳು ಅಂದೆ’ ಎಂದ ಯಜಮಾನ.

ಅವಳು ಸ್ಕ್ಯಾನರನ್ನು ಮಡಿಲಿನಿಂದ ಎತ್ತಿ, ಪರದೆ ಹೊರಮುಖವಾಗುವಂತೆ ಸ್ಟಿಯರಿಂಗಿಗೆ ಒರಗಿಸಿ ಇಟ್ಟಳು.

‘ಕೀಳಲ್ಲ’ ಎಂದಳು.